ತವರಿನ ಸೂಜಿ

ನಮ್ಮತ್ತೆ ಹುಲಿಗವ್ವನಿಗೆ ತವರೆಂದರೆ ಮುಗಿಯಿತು, ಅದರ ಮುಂದೆ ದೇವರೂ ಸಣ್ಣವನು. ಅಂಥ ತವರಿನ ತಮ್ಮ ಓಬಳೆಪ್ಪ, ಶ್ರೀರಾಮನಗರದಲ್ಲಿ ಡಿಗ್ರಿ ಇಲ್ಲದ ಡಾಕ್ಟರು. ನನ್ನ ಗಂಡ ಕೃಷ್ಣನಿಗೆ ಹೊಟ್ಟೆನೋವು ಹತ್ತಿದಾಗ ವಾರವಿಡೀ ಸೂಜಿ ಮಾಡಿದ್ದು ಅವನೇ.

ಮೈ ಕೆಂಡವಾದ ಮೇಲೆ ಕೊಪ್ಪಳದ ಆಸ್ಪತ್ರೆಗೆ ತಂದೆವು. ಮೇದೋಜೀರಕ ಗ್ರಂಥಿ ಕೊಳೆತು ಕೀವಾಗಿದೆ ಎಂದರು ಡಾಕ್ಟರ್ ಶಾಯಿಸ್ತಾ. ಯಾವ ಬ್ಯಾಕ್ಟೀರಿಯಾ ಎಂದು ತಿಳಿಯಲು ಕೀವು ತೆಗೆದು ಲ್ಯಾಬಿಗೆ ಕಳಿಸಿದರು. ಅಲ್ಲಿ ಏನೂ ಬೆಳೆಯಲಿಲ್ಲ. ಜ್ವರ ಮಾತ್ರ ಏರುತ್ತಲೇ ಇತ್ತು.

"ಇಲ್ಲಿಗೆ ಬರೂಕಿಂತ ಮೊದಲ ಸೂಜಿ ಮಾಡಿಸಿದ್ರೇನ್ರಿ?" ಡಾಕ್ಟರು ಕೇಳಿದರು.

"ಇಲ್ರೀ ಯವ್ವಾ, ಬರೇ ಸಲೈನ್," ಎಂದಳು ಅತ್ತೆ.

ನನಗೆ ಮೈಯೆಲ್ಲ ಉರಿಯಿತು. "ಸುಳ್ಳು ಹೇಳಬ್ಯಾಡ ಅತ್ತಿ! ನಿನ್ನ ತಮ್ಮ ದಿನಾ ಎರಡು ಹೊತ್ತು ಚುಚ್ಯಾನ."

"ಸುಮ್ನಿರ ಸುರೇಖಾ! ಅವನ ಮ್ಯಾಲೆ ಕೇಸ್ ಆಕ್ಕೈತಿ."

"ಆಗ್ಲಿ! ನಿನಗ ಮಗಾ ಬೇಕೋ, ತಮ್ಮ ಬೇಕೋ?"

ಡಾಕ್ಟರು ಬೈಯಲಿಲ್ಲ. ಆ ಸೂಜಿಗಳಲ್ಲಿದ್ದ ಔಷಧಿಯಿಂದಾಗಿ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಬೆಳೆದಿಲ್ಲ, ಆದರೆ ಅವು ಸತ್ತಿದ್ದರೂ ಕೀವಿನಲ್ಲಿ ಡಿಎನ್‌ಎ ಉಳಿದಿರುತ್ತದೆ, ಅದರಿಂದಲೇ ಪತ್ತೆ ಹಚ್ಚಬಹುದು ಎಂದರು. ಕೀವು ಹುಬ್ಬಳ್ಳಿಗೆ ಹೋಯಿತು. ಅಷ್ಟರಲ್ಲಿ ಯಾವ ಔಷಧಿ ಚುಚ್ಚಿದ್ದೆಂದು ಕೇಳಿ ತಿಳಿಸಿ ಎಂದರು.

ಅತ್ತೆಯೇ ಫೋನ್ ಹಚ್ಚಿದಳು. "ನಾ ಸೂಜೀನ ಮಾಡಿಲ್ಲಕ್ಕಾ. ನನ್ನ ಹೆಸರು ಎತ್ತಬ್ಯಾಡ," ಎಂದು ಓಬಳೆಪ್ಪ ಕಟ್ ಮಾಡಿದ. ಅತ್ತೆ ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದಳು.

ಹುಬ್ಬಳ್ಳಿಯ ವರದಿಯಲ್ಲಿ ಎರಡು ಬ್ಯಾಕ್ಟೀರಿಯಾ ಸಿಕ್ಕವು. ಒಂದಂತೂ ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಔಷಧಿಗೆ ಜಗ್ಗುವ ಜಾತಿಯದಲ್ಲ. ಔಷಧಿ ಬದಲಾಯಿತು. ಜ್ವರ ನಿಧಾನಕ್ಕೆ ಇಳಿಯಿತು. ಕೃಷ್ಣ ಕಣ್ಣು ಬಿಟ್ಟು ಗಂಜಿ ಕೇಳಿದಾಗ ನಾನು ಗೋಡೆಗೆ ಮುಖ ಹಚ್ಚಿ ಅತ್ತುಬಿಟ್ಟೆ.

ಆ ವಾರವೇ ಓಬಳೆಪ್ಪ ವಾರ್ಡಿನ ಬಾಗಿಲಿಗೆ ಬಂದ. ಪ್ರತಿ ವರ್ಷ ನಾಗರ ಪಂಚಮಿಗೆ ತವರಿಗೆ ಕರೆದೊಯ್ಯಲು ಅವನು ಬರುವ ಮೊದಲೇ ಅತ್ತೆಯ ಚೀಲ ತಯಾರಿರುತ್ತಿತ್ತು.

"ಅಕ್ಕಾ, ಪಂಚಮಿಗೆ ಕರಿಯಾಕ ಬಂದೀನಿ."

ಅತ್ತೆ ಮಗನ ಮಗ್ಗುಲಿನಿಂದ ಏಳಲಿಲ್ಲ. "ನನ್ನ ಮಗಾ ಸಾಯಾಕ ಹತ್ತಿದ್ದ. ನೀ ಸೂಜೀನ ಮಾಡಿಲ್ಲ ಅಂದಿ. ಹಂಗಾರ ನನಗ ತಮ್ಮನ ಇಲ್ಲ. ಹೋಗು."

ಅವನು ಹೋದ ಮೇಲೆ ಸೆರಗು ಬಾಯಿಗಿಟ್ಟು ಬಿಕ್ಕಿದಳು. ಇಷ್ಟು ದಿನ ಅವಳನ್ನು ಬೈಯಲೆಂದೇ ಕಾದಿದ್ದ ನಾನು ಅವಳ ಕೈ ಹಿಡಿದು ಕೂತೆ.