ಶನಿವಾರ, ಒಂದು ಹಿಡಿ ಮರಳು

ಕಾಲ ಕೆಳಗೆ ಮರಳು ಸುಡುತ್ತಿದೆ, ಕಪ್ಪು ಮರಳು, ಕಾದ ಕಾವಲಿಯ ಮೇಲೆ ನಿಂತ ಹಾಗೆ, ಲಿಂಡೆಲ್ವಾ ಒಂದು ಪಾದವನ್ನು ಇನ್ನೊಂದರ ಮೇಲಿಟ್ಟುಕೊಂಡು ನಿಂತಳು, ಕೊಡೆಯ ನೆರಳಲ್ಲಿ ಹ್ಯೆ-ರಿಮ್ ಟೀಚರ್ ಕಲ್ಲಂಗಡಿ ಕೊಯ್ಯುತ್ತಿದ್ದಾಳೆ, ಗಂಟೆ ಎಷ್ಟು — ನಾಲ್ಕೂಕಾಲು — ಅಂದರೆ ಅವಳ ಊರಲ್ಲಿ ಒಂಬತ್ತೂಕಾಲು, ಆಫ್ರಿಕಾದ ಆ ತುದಿಯಲ್ಲಿ ಚಳಿಗಾಲದ ಬೆಳಿಗ್ಗೆ, ಅಮ್ಮನನ್ನು ಮನೆಯಿಂದ ಹೊರಗೆ ತಂದಿರುತ್ತಾರೆ, ಹೆಂಗಸರು ಹಾಡುತ್ತಿರುತ್ತಾರೆ — ಬೇಡ, ಗಡಿಯಾರ ನೋಡಬೇಡ, ಕಲ್ಲಂಗಡಿ ನೋಡು, ಎಷ್ಟು ಕೆಂಪಗಿದೆ. ಸರ್ ಸರ್ ಎಂದು ಸಲಿಕೆಯ ಸದ್ದು. ಸಮುದ್ರಕ್ಕೆ ಬರುವವರು ಯಾರಾದರೂ ಸಲಿಕೆ ತರುತ್ತಾರೆಯೇ, ತರುತ್ತಾರೆ, ಈ ಜೇಜು ದ್ವೀಪದವರು ತರುತ್ತಾರೆ, ಬೇಸಿಗೆಯಲ್ಲಿ ಸಾಮ್ಯಾಂಗಿನ ಕಡಲತೀರದ ಮರಳಲ್ಲಿ ಕುತ್ತಿಗೆಯವರೆಗೆ ಹೂತುಕೊಂಡು ಮಲಗಿದರೆ ಮಂಡಿನೋವು ಮಾಯ, ಹಾಗಂತ ಗುಮ್-ಜಾ ಚಿಕ್ಕಮ್ಮ ಪ್ರತಿ ವರ್ಷವೂ ಹೇಳುತ್ತಾಳೆ, ಪ್ರತಿ ವರ್ಷವೂ ಆ ಮಂಡಿ ಹಾಗೆಯೇ ಇರುತ್ತದೆ. ಲಿಂಡೆಲ್ವಾ ಪಾಠ ಮಾಡುವ ಟ್ಯೂಷನ್ ಶಾಲೆಯ ವ್ಯಾನ್ ಓಡಿಸುವ ಗುಮ್-ಜಾ, ನನ್ನ ಮಂಡಿ ನಿಮ್ಮ ವ್ಯಾನಿಗಿಂತ ಹಳೇದು ಕಣ್ರೋ, ಇನ್ನೂ ಆಳ ತೋಡಿ ಎಂದು ಮಾಲೀಕರಿಗೇ ಹುಕುಂ ಮಾಡುತ್ತಿದ್ದಾಳೆ, ಪ್ಯೊ ಸರ್ ಪ್ಯಾಂಟು ಮಡಚಿಕೊಂಡು ತೋಡುತ್ತಿದ್ದಾರೆ, ಮೊದಲ ವರ್ಷ ಲಿಂಡೆಲ್ವಾ ಇದನ್ನು ನೋಡಿ ನಕ್ಕು ನಕ್ಕು ಫೋಟೊ ತೆಗೆದು ಅಮ್ಮನಿಗೆ ಕಳಿಸಿದ್ದಳಲ್ಲ, ಅಮ್ಮ ಹೆದರಿ ಫೋನ್ ಮಾಡಿದ್ದಳು, ಜೀವ ಇರೋರನ್ನ ಹೂಳ್ತಾರೇನೇ ಆ ಜನ, ಆಮೇಲೆ ತಾನೂ ನಕ್ಕು, ಆ ನಗುವಿನಲ್ಲೇ, ನನ್ನ ಹೂಳೋಕೆ ಮಾತ್ರ ನೀನು ಬರಬೇಕು, ನಿನ್ನ ಕೈಯಿಂದ ಒಂದು ಹಿಡಿ ಮಣ್ಣು ಬಿದ್ರೆ ಸಾಕು ನನಗೆ. ಬರ್ತೀನಿ ಅಂದಿದ್ದಳು. ಆರು ವರ್ಷ ಮುಂದಿನ ವರ್ಷ ಬರ್ತೀನಿ, ಮುಂದಿನ ವರ್ಷ ಬರ್ತೀನಿ ಎಂದೇ ಹೇಳಿದಳು.

ಅಮ್ಮ ತೀರಿ ಹನ್ನೆರಡು ದಿನವಾಯಿತು, ಹೋದ ವಾರದ ಸೋಮವಾರ, ಗುರುವಾರ ಅಕ್ಕ ನೊಖಾಯಾ ಮತ್ತೆ ಫೋನ್ ಮಾಡಿ ನಿನಗೋಸ್ಕರ ಇನ್ನೊಂದು ಶನಿವಾರ ಕಾಯ್ತೀವಿ, ಹೊರಟು ಬಾ ಅಂದಳು, ಅವಳ ಊರಲ್ಲಿ ಹೆಣ ಕಾಯುತ್ತದೆ, ದೂರದ ಮಕ್ಕಳು ಬರುವವರೆಗೆ ಒಂದು ಶನಿವಾರ, ಎರಡು ಶನಿವಾರ, ಯಾರೂ ಅವಸರ ಮಾಡುವುದಿಲ್ಲ. ಶುಕ್ರವಾರ ರಜೆ ಕೇಳಲು ಪ್ಯೊ ಸರ್ ಕೋಣೆಗೆ ಹೋದಳು, ಅಮ್ಮ ತೀರಿಕೊಂಡಳು, ಸೋಮವಾರ, ಎಂದಳು, ಅವರು ಎದ್ದು ನಿಂತರು, ಕನ್ನಡಕ ತೆಗೆದರು, ಆ ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು, ಅಯ್ಯೋ ಟೀಚರ್, ಸೋಮವಾರ ಅಂದ್ರೆ ಬುಧವಾರಕ್ಕೇ ಎಲ್ಲ ಮುಗಿದಿರುತ್ತೆ, ಕೊನೇ ಸಲ ಮುಖ ನೋಡೋದೂ ಆಗ್ಲಿಲ್ಲವಲ್ಲ ನಿಮಗೆ. ಇವರಲ್ಲಿ ಹೆಣ ಎತ್ತುವುದು ಮೂರನೆಯ ದಿನ ಅಂದರೆ ಮೂರನೆಯ ದಿನವೇ, ಅದರಾಚೆ ಹೆಣ ಕಾಯುತ್ತದೆಂದು ಅವರ ಕನಸಿಗೂ ಬರಲಿಕ್ಕಿಲ್ಲ. ಇಲ್ಲ ಸರ್, ಇನ್ನೂ ಮುಗಿದಿಲ್ಲ, ನನಗಾಗಿ ಕಾಯ್ತಿದ್ದಾರೆ — ಇಷ್ಟೇ ಹೇಳಬೇಕಿತ್ತು. ಅವಳು ತಲೆಯಾಡಿಸಿದಳು. ಹೌದು ಎಂಬಂತೆ. ಯಾಕೆ, ಯಾಕೆ ಆಡಿಸಿದೆ ಆ ತಲೆಯನ್ನು, ಹೆದರಿಕೆ ಕಣೇ, ಆರು ವರ್ಷ ಬಾರದವಳು ಹೆಣಕ್ಕೆ ಮಾತ್ರ ಬಂದಳು ಎಂದು ಚಾಪೆಯ ಮೇಲೆ ಕೂತ ಹೆಂಗಸರು ನೋಡುವ ನೋಟ, ಯಾವ ಮುಖ ಹೊತ್ತು ಹೋಗುವುದು, ಸರ್ ಬಾಯಿಂದಲೇ ಒಂದು ನೆಪ ಉದುರಿತು, ಹೆಕ್ಕಿಕೊಂಡಳು. ಅಂದೇ ಅಕ್ಕನಿಗೆ, ರಜೆ ಕೊಡಲಿಲ್ಲ ಎಂದಳು. ಎಂಥ ಕಲ್ಲೆದೆಯ ಜನ ಅವರು, ಅಂದಳು ಅಕ್ಕ. ಆ ಕಲ್ಲೆದೆಯವರು ಎರಡೂ ಕೈಯಲ್ಲಿ ಸಾವಿನ ಮನೆಗೆ ಕೊಡುವ ಹಣದ ಬಿಳಿ ಲಕೋಟೆ ಹಿಡಿದು ಬಾಗಿ ಕೊಟ್ಟರು, ಹ್ಯೆ-ರಿಮ್ ಅವಳ ತರಗತಿಗಳನ್ನೆಲ್ಲ ತಾನೇ ತೆಗೆದುಕೊಂಡಳು, ಮನಸ್ಸು ಹಗುರ ಆಗ್ಲಿ ಅಂತ ಎಲ್ಲರೂ ಸಮುದ್ರಕ್ಕೆ ಹೋಗೋಣ ಎಂದು ಇವತ್ತನ್ನೇ ಗೊತ್ತುಮಾಡಿದರು. ಶನಿವಾರವನ್ನೇ.

ತಗೊಳ್ಳಿ, ತಣ್ಣಗಿದೆ, ಹ್ಯೆ-ರಿಮ್ ಹಣ್ಣಿನ ಹೋಳು ಕೈಗಿಟ್ಟಳು, ಗಂಟೆ ನಾಲ್ಕೂವರೆ, ಈಗ ಗುಂಡಿಯ ಸುತ್ತ ನಿಂತಿರುತ್ತಾರೆ, ಚಿಕ್ಕಪ್ಪ ಸಲಿಕೆಯ ಮೇಲೆ ಮಣ್ಣು ಹಿಡಿದು ಒಬ್ಬೊಬ್ಬರ ಮುಂದೆ ಬರುತ್ತಾನೆ, ಮೊದಲು ಮಕ್ಕಳು, ಅಕ್ಕ ಒಂದು ಹಿಡಿ ಹಾಕುತ್ತಾಳೆ, ಆಮೇಲೆ ಅವಳ ಪಕ್ಕದಲ್ಲಿ ಯಾರು, ಯಾರೂ ಇಲ್ಲ, ಸಲಿಕೆ ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗುತ್ತದೆ. ಗುಮ್-ಜಾ ಮಲಗಿಯಾಗಿದೆ, ಕಾಲು ಮುಚ್ಚಿತು, ಹೊಟ್ಟೆ ಮುಚ್ಚಿತು, ಎದೆ, ಈಗ ಮುಖ ಒಂದೇ ಹೊರಗೆ, ಹಣೆಯ ಮೇಲೆ ಒದ್ದೆ ಟವೆಲ್ಲು, ಕಣ್ಣು ಮುಚ್ಚಿದ್ದಾಳೆ, ಸುಕ್ಕುಗಳ ನಡುವೆ ಬೆವರು, ಅಮ್ಮನಿಗೂ ಹೀಗೇ ಗಲ್ಲದ ಹತ್ತಿರ ಎರಡು ಗೆರೆ. ಲಿಂಡೆಲ್ವಾ, ನೀನೂ ಹಾಕವ್ವ, ಕಣ್ಣು ತೆರೆಯದೆ ಗುಮ್-ಜಾ ಅಂದಳು, ನಿನ್ನ ಕೈಯಿಂದ ಒಂದು ಹಿಡಿ ಬೀಳ್ಲಿ, ಪುಣ್ಯದ ಕೈ ನಿಂದು. ಪ್ಯೊ ಸರ್ ನಗುತ್ತ ಸಲಿಕೆ ತುಂಬ ಮರಳು ಎತ್ತಿ ಅವಳ ಮುಂದೆ ಹಿಡಿದರು. ಅವಳ ಕೈ ತಾನಾಗಿಯೇ ಹೋಯಿತು, ತುಂಬಿಕೊಂಡಿತು, ಬಿಸಿ, ಭಾರ, ಗುಂಡಿಯ ಮೇಲೆ ಚಾಚಿತು, ಬಿಡು, ಬೆರಳು ಬಿಡಿಸು, ಅಷ್ಟೇ ತಾನೇ, ಮರಳು ತಾನೇ — ಬಿಡಿಸಲಾಗುತ್ತಿಲ್ಲ. ಏನಾಯ್ತು ಮಗಳೇ, ಗುಮ್-ಜಾ ಕಣ್ಣು ತೆರೆದಳು. ಇವತ್ತು, ಚಿಕ್ಕಮ್ಮ, ಅಮ್ಮನನ್ನ ಹೂಳೋದು ಇವತ್ತು, ಈಗ, ಹೂಳ್ತಾ ಇದ್ದಾರೆ ಈಗ. ಹ್ಯೆ-ರಿಮ್‌ಳ ಚಾಕು ನಿಂತಿತು. ಆದ್ರೆ ಮೂರು ದಿನಕ್ಕೇ, ಎಂದು ಶುರುಮಾಡಿದ ಪ್ಯೊ ಸರ್ ಅಲ್ಲೇ ನಿಲ್ಲಿಸಿದರು, ಅವತ್ತಿನ ಕೋಣೆ, ಅವತ್ತಿನ ತಮ್ಮ ಮಾತು, ಎಲ್ಲ ಅವರ ಮುಖದ ಮೇಲೆ ಬಂದು ಹೋದದ್ದು ಅವಳಿಗೆ ಕಾಣುತ್ತದೆ, ಇಲ್ಲ ಸರ್, ನಿಮ್ಮ ತಪ್ಪಲ್ಲ, ತಲೆಯಾಡಿಸಿದವಳು ನಾನು, ಹೇಳು, ಈಗಲಾದರೂ ಹೇಳು, ಮರಳೊಳಗಿಂದ ಗುಮ್-ಜಾಳ ಕೈ ಮೇಲೇಳಲು ಒದ್ದಾಡುತ್ತಿದೆ, ಮರಳು ಬಿರುಕುಬಿಡುತ್ತಿದೆ, ಅಲ್ಲಿ ಸಲಿಕೆ ಅಕ್ಕನನ್ನು ದಾಟಿ ಆಗಿರಬೇಕು, ಇಲ್ಲಿ ಅವಳ ಮುಷ್ಟಿ, ಗುಂಡಿಯ ಮೇಲೆ, ಗಟ್ಟಿಯಾಗಿ ಮುಚ್ಚಿದ ಮುಷ್ಟಿ, ಬೆರಳ ಸಂದಿಯಲ್ಲಿ ಕಪ್ಪಗೆ ಒಂದು ಹಿಡಿ, ಅಮ್ಮಾ, ಒಂದು ಹಿಡಿ