ಸಾಲಿನ ಕೊನೆಯ ತಟ್ಟೆ

1

ಗಂಟೆಯಿಂದ ಶುರು ಮಾಡಲೇ? ಶಾಲೆಯ ಕಥೆಗಳೆಲ್ಲ ಗಂಟೆ ಹೊಡೆದೇ ಏಳುತ್ತವೆ, ನಿಮಗೂ ಸಾಕಾಗಿರುತ್ತದೆ. ಹೊಸ ಪುಸ್ತಕದ ವಾಸನೆಯಿಂದ? ಅದನ್ನೂ ಎರಡು ಪುಟ ಬರೆದೆ, ಓದಿಕೊಂಡು ನಾಚಿಕೆಯಾಗಿ ಹರಿದು ಹಾಕಿದೆ.

ಕೊನೆಗೆ ಕೈಯಲ್ಲಿ ಉಳಿದದ್ದು ಜೂನ್ ಮೊದಲ ವಾರದ ಒಂದು ಸಂಜೆ. ಯಲ್ಲಾಪುರ ಪೇಟೆಯ ಶಾಲೆಗೆ ಆರನೇ ತರಗತಿಗೆ ಸೇರಿದ ರಕ್ಷಿತಾ ಬಸ್ಸಿಳಿದು ಮನೆಗೆ ಬಂದವಳೇ, ಬ್ಯಾಗನ್ನೂ ಇಳಿಸದೆ, ತಣ್ಣಗಿನ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ನಿಂತೇ ಉಣ್ಣತೊಡಗಿದಳು. ನಾಲ್ಕು ದಿನದಿಂದ ಹೀಗೆಯೇ. ತಾಯಿ ಮಮತಾ ಬಾಗಿಲಲ್ಲಿ ನಿಂತು ನೋಡಿದಳು.

“ಶಾಲೇಲಿ ಊಟ ಕೊಡೂದಿಲ್ವನೇ?”

“ಕೊಡ್ತಾರೆ.”

“ಮತ್ತೆಂತಾ ಆತು?”

“ನಾ ಕಡೆಗೆ ನಿಲ್ತೆ. ನಂದು ಬರೂದ್ರೊಳಗೆ ಗಂಟೆ ಹೊಡೀತದೆ.”

2

(ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ಹೋಗುವ ಕಥೆಗಳು ನನಗೂ ಇಷ್ಟವಿಲ್ಲ.)

ಮಮತಾ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ರಕ್ಷಿತಾಳೂ ಸೇರಿ ಆಗ ಹತ್ತೊಂಬತ್ತು ಮಕ್ಕಳು, ಒಬ್ಬರು ಮಾಸ್ತರು. ಐದನೆಯವರೆಗೆ ರಕ್ಷಿತಾ ಓದಿದ್ದು ಅಲ್ಲೇ. ಅವಳನ್ನು ಒಂದನೆಯ ತರಗತಿಗೆ ಹಾಕಿದ ದಿನವೇ ತಾಯಿ ಕಿವಿ ಹಿಡಿದು ಹೇಳಿದ್ದಳು: “ಶಾಲೇಲಿ ನಾ ನಿನ್ನಮ್ಮ ಅಲ್ಲ, ಅಡುಗೆ ಅಕ್ಕ. ಎಲ್ಲಾರೂ ಬಡಿಸ್ಕಂಡ ಮೇಲೆ ನೀ ಬರೂದು. ಮಗಳು ಅಂತ ಜಾಸ್ತಿ ಹಾಕ್ತಾಳೆ ಹೇಳಿ ಯಾರೂ ಬಾಯಿ ಬಿಡಬಾರ್ದು.”

ಐದು ವರ್ಷವೂ ರಕ್ಷಿತಾ ಸಾಲಿನ ಕೊನೆಯಲ್ಲಿ ನಿಂತಳು. ಊರಿನವರು ಮಮತಾಳ ನ್ಯಾಯವನ್ನು ಹೊಗಳಿದರು. ಸಾರಿನ ಬೇಳೆಯೆಲ್ಲ ಇಳಿದು ಕೂರುವುದು ಪಾತ್ರೆಯ ತಳದಲ್ಲಿ ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ದಪ್ಪನೆಯ ಆ ಕೊನೆಯ ಸೌಟು ದಿನವೂ ಮಗಳದು. ಇಬ್ಬರೂ ಒಮ್ಮೆಯೂ ಅದರ ಮಾತೆತ್ತಿದವರಲ್ಲ. (ಬರೆಯಬೇಡಿ ಎಂದು ಮಮತಾ ಕೇಳಿಕೊಂಡಿದ್ದಳು. ಬರೆದುಬಿಟ್ಟೆ. ಬರೆಯುವವರನ್ನು ನಂಬಬಾರದು.)

3

ಮೊದಲ ಡ್ರಾಫ್ಟಿನಲ್ಲಿ ಪೇಟೆಯ ಶಾಲೆಗೆ ಒಬ್ಬ ಸಿಡುಕಿನ ಅಡುಗೆಯವಳನ್ನು ತಂದಿದ್ದೆ. ಕಥೆಗೆ ಒಬ್ಬರು ಕೆಟ್ಟವರಿದ್ದರೆ ನನ್ನ ಕೆಲಸ ಹಗುರ. ತೊಂಡೆಕಾಯಿ ಹೆಚ್ಚುತ್ತಿದ್ದ ಮಮತಾ ಅಲ್ಲಿಗೇ ತಡೆದಳು.

“ಬಡಿಸೂರನ್ನ ಕೆಟ್ಟೋರು ಮಾಡೂದು ಬ್ಯಾಡ. ಮುನ್ನೂರು ಮಕ್ಕಳಿಗೆ ಒಂದ್ಸಲ ಬಡಿಸಿ ನೋಡಿ, ಆಮೇಲೆ ಬರೀರಿ.”

“ಹಾಗಾದರೆ ತಪ್ಪು ಯಾರದು?”

ಅವಳು ಇನ್ನೊಂದು ತೊಂಡೆಕಾಯಿ ಎತ್ತಿಕೊಂಡಳು. “ಕಡೆಗೆ ನಿಲ್ಲು ಹೇಳಿ ಕಲಿಸಿದ್ದು ನಾನೇ ಅಲ್ದಾ?” ಎಂದಳು. ಈ ಸಾಲು ನನ್ನದಲ್ಲ. ನಾನು ಬರೆದಿದ್ದರೆ ಇನ್ನಷ್ಟು ಉದ್ದ ಇರುತ್ತಿತ್ತು.

3 (ಮತ್ತೊಮ್ಮೆ, ಏಕೆಂದರೆ ಮೇಲಿನದರಲ್ಲಿ ಏನೂ ನಡೆಯಲಿಲ್ಲ)

ಭಾನುವಾರ ಮಮತಾ ಅಂಗಳದಲ್ಲಿ ಸಾಲು ಕಟ್ಟಿದಳು. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕೊಡಪಾನ, ಗಂಡನ ಸೈಕಲ್ಲು, ಅದರ ಹಿಂದೆ ತಟ್ಟೆ ಹಿಡಿದ ಅತ್ತೆ ನಾಗಿ. ತಾನು ಜಗುಲಿಯ ಮೇಲೆ ಸಾರಿನ ಪಾತ್ರೆ ಇಟ್ಟುಕೊಂಡು ಕೂತಳು.

“ಹೂಂ, ಈಗ ಮುಂದೆ ಬಾ. ಗಂಟೆ ಹೊಡೀತು ನೋಡು!”

ರಕ್ಷಿತಾ ಹೋಗಿ ಅಜ್ಜಿಯ ಹಿಂದೆ ನಿಂತಳು.

“ನಂಗೆಂತಾ ಶಾಲೆ ಅದ್ಯನೇ? ನೀ ಮುಂದೆ ಹೋಗೇ,” ಎಂದು ನಾಗಿ ಬೈದಳು. ಹುಡುಗಿ ಕದಲಲಿಲ್ಲ. ಅಜ್ಜಿ ಸೈಕಲ್ಲನ್ನು ದಾಟಿಸಿ ಎಳೆದು ತಂದರೂ ಮತ್ತೆ ಹಿಂದಕ್ಕೇ ಹೋದಳು.

ಮಮತಾಳಿಗೆ ಸಿಟ್ಟು ನೆತ್ತಿಗೇರಿತು. “ಉಪವಾಸ ಸಾಯ್ತೀಯನೇ? ಅಲ್ಲಿ ಯಾರು ಹೇಳಿದ್ದು ನಿಂಗೆ ಕಡೆಗೆ ನಿಲ್ಲು ಹೇಳಿ?”

“ಯಾರೂ ಹೇಳ್ಲಿಲ್ಲ,” ಎಂದ ರಕ್ಷಿತಾಳ ದನಿ ಸಣ್ಣದಾಯಿತು. “ಕಡೆಗೆ ನಿಂತ್ರೆ ನೀನೇ ಬಡಿಸ್ದಾಂಗೆ ಆಗ್ತದೆ.”

ಮಮತಾಳಿಗೆ ಅಳು ಬಂತು. ಅತ್ತೆಯ ಎದುರು ಅಳಬಾರದೆಂದು ಸೌಟನ್ನು ಪಾತ್ರೆಯೊಳಕ್ಕೆ ಇಳಿಸಿದಳು. ತಳಕ್ಕೆ ತಾಗುವ ತನಕ ಇಳಿಸಿ, ಬೇಳೆ ಎತ್ತಿ, “ಮೊದ್ಲು ಬಂದವ್ರಿಗೆ ಇದು,” ಎಂದು ಹಾಗೇ ಹಿಡಿದಳು. ಐದು ವರ್ಷದಲ್ಲಿ ಒಮ್ಮೆಯೂ ಮಾಡದ ಅನ್ಯಾಯ. ರಕ್ಷಿತಾ ಅದನ್ನು ನೋಡಿದಳು, ತಾಯಿಯ ಮುಖ ನೋಡಿದಳು, ಸೈಕಲ್ಲನ್ನು ದಾಟಿ ಮುಂದೆ ಬಂದಳು.

4. ಕೊನೆಗಳು

(ಅ) ಸೋಮವಾರವೂ ಅವಳು ಕೊನೆಯಲ್ಲೇ ನಿಂತಳು. ಇದನ್ನು ಬರೆದಿದ್ದೆ. ಮಮತಾ ನನ್ನ ಕೈಯಿಂದ ಕಿತ್ತುಕೊಂಡು ಒಲೆಗೆ ಹಾಕಿದಳು.

(ಆ) ಸೋಮವಾರ ಅವಳು ಆರನೆಯವಳಾಗಿ ನಿಂತಳು. ಉಂಡಳು. ಚೇತನಾ ಎಂಬ ಹುಡುಗಿ ಪಕ್ಕದಲ್ಲಿ ಕೂತು ಅರ್ಧ ಬಾಳೆಹಣ್ಣು ಕೊಟ್ಟಳು. ಸಂಜೆ ಮಮತಾ ಅನ್ನ, ಮಜ್ಜಿಗೆ ತೆಗೆದಿಟ್ಟು ಕಾದಿದ್ದಳು.

“ಬ್ಯಾಡಮ್ಮ, ಹೊಟ್ಟೆ ತುಂಬಿದೆ,” ಎಂದು ರಕ್ಷಿತಾ ಆಡಲು ಓಡಿದಳು.

ತನಗೆ ಬೇಕಾಗಿದ್ದದ್ದೂ ಇದೇ ತಾನೇ ಎಂದು ಮಮತಾ ನೂರು ಸಲ ಅಂದುಕೊಂಡಳು. ಸಂತೋಷವೇ ಆಗಿತ್ತು. ಆದರೂ ಆ ಅನ್ನವನ್ನು ಮುಚ್ಚಿಡುವಾಗ ಕೈ ನಿಧಾನವಾಯಿತು.

(ಇ) ಓದುಗರೇ, (ಆ)ದಲ್ಲೇ ಮುಗಿಸುವ ಆಸೆ ನನಗಿತ್ತು. ಮಗು ಶಾಲೆಗೆ ಹೊಂದಿಕೊಂಡಿತು, ಇನ್ನೇನು ಬೇಕು? ಆದರೆ ಮಂಗಳವಾರ ಮಧ್ಯಾಹ್ನ ಊರಿನ ಶಾಲೆಯಲ್ಲಿ ಹದಿನೆಂಟು ಮಕ್ಕಳೂ ಬಡಿಸಿಕೊಂಡು ಹೋಗಿಯಾಗಿದೆ. ಪಾತ್ರೆಯ ತಳದಲ್ಲಿ ಒಂದು ಸೌಟು ಬೇಳೆ ಉಳಿದಿದೆ. ಮಮತಾ ಅದನ್ನು ಎತ್ತಿ ಹಿಡಿದು ನಿಂತಿದ್ದಾಳೆ.

“ಎಲ್ಲಾರದೂ ಆಯ್ತಾ?” ಎಂದು ಮಾಸ್ತರು ಒಳಗಿಂದ ಕೇಳುತ್ತಾರೆ. ‘ಸೌಟನ್ನು ಕೆಳಗಿಟ್ಟಳು’ ಎಂದು ಮೂರು ಸಲ ಬರೆದೆ. ಇಡುತ್ತಿಲ್ಲ.

“ಇಡು ಮಮತಾ, ನಾನು ಕಥೆ ಮುಗಿಸಬೇಕು.”

“ನೀವು ಮುಗ್ಸಿ,” ಎನ್ನುತ್ತಾಳೆ, ಗೇಟಿನ ಕಡೆ ನೋಡುತ್ತಾ. “ನಂದು ಇನ್ನೊಂದು ತಟ್ಟೆ ಬಾಕಿ ಅದೆ.”