ಜಯಕುಮಾರರ ಗಾಡಿಯ ಸೈರನ್

ಸಾಂಗ್ಲಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಜಯಕುಮಾರರು ಐವತ್ತು ದಾಟಿದ ಮೇಲೆ ಮೊದಲ ಸಲ ಕಾರು ಕೊಂಡರು. ಯಾರೋ ಓಡಿಸಿಬಿಟ್ಟ ಹಳೆಯ ಬಿಳಿ ಕಾರೇ. ಆದರೆ ಅವರ ಕಣ್ಣಿಗೆ ಊರಿನಲ್ಲಿ ಕದಿಯಲು ತಕ್ಕ ವಸ್ತು ಅದೊಂದೇ ಆಗಿತ್ತು. ಊಟದ ನಡುವೆ ಮತ್ತೆ ಮತ್ತೆ ಎದ್ದು ಕಿಟಕಿಗೆ ಹೋಗಿ ನೋಡಿ ಬರುತ್ತಿದ್ದರು. ಹೆಂಡತಿ ಜಿನಮತಿಯವರು ಕಡೆಗೆ, "ತಾಟ ತಗೊಂಡು ಗಾಡ್ಯಾಗ ಹೋಗಿ ಉಣ್ರಿ" ಎಂದರು.

ಮರುದಿನವೇ ಜಯಕುಮಾರರು ಮಿರಜಿನ ಭೂಷಣನ ಅಂಗಡಿಗೆ ಹೋದರು. ಕಳ್ಳ ಮುಟ್ಟಿದರೆ ಕೂಗಿಕೊಳ್ಳುವ ಸೈರನ್ನನ್ನು ಗಾಡಿಗಳಿಗೆ ಕೂರಿಸುವುದು ಅವನ ಕೆಲಸ. ಗಾಡಿ ಅಲುಗಿದ್ದನ್ನು ತಿಳಿಯುವ ಪುಟ್ಟ ಡಬ್ಬಿಯನ್ನು ಅವನು ಸ್ಟೇರಿಂಗ್ ಕೆಳಗೆ ಕೂರಿಸಿದ. ಅದರ ಮೇಲಿನ ಸ್ಕ್ರೂ ಬಲಕ್ಕೆ ತಿರುವಿದಷ್ಟೂ ಡಬ್ಬಿ ಚುರುಕಾಗುತ್ತದೆ, ಆದರೆ ನಡುವೆ ಇಟ್ಟರೆ ಒಳ್ಳೆಯದು ಎಂದು ತಿಳಿಹೇಳಿದ.

"ನೊಣಾ ಕುಂತ್ರೂ ಒದರಬೇಕು ನೋಡಪಾ" ಎಂದರು ಜಯಕುಮಾರರು.

ಕಳ್ಳ ಕೈಹಾಕಿದರೆ ಎಂಜಿನ್ ಚಾಲೂ ಆಗದಂತೆ ತಡೆಯುವ ವೈರೂ ಇದೆ ಎಂದ ಭೂಷಣ. ಅದು ನಡುರಸ್ತೆಯಲ್ಲಿ ತಮ್ಮನ್ನೇ ತಡೆದರೇನು ಗತಿ ಎಂದು ಜಯಕುಮಾರರು ಅದನ್ನು ಬೇಡವೆಂದರು. ಭೂಷಣ ಮರಾಠಿಯಲ್ಲಿ ಏನೋ ಗೊಣಗಿ, ಸ್ಕ್ರೂವನ್ನು ಬಲಕ್ಕೆ ಪೂರಾ ತಿರುವಿಬಿಟ್ಟ.

ಎದುರುಮನೆಯ ಅನುಸೂಯಾಬಾಯಿ ಶೇಂಗಾ ಕುಟ್ಟಿದಾಗ ಸೈರನ್ ಮೊದಲ ಸಲ ಒದರಿತು. ಆಮೇಲೆ ಬುಲೆಟ್ ಗಾಡಿ ಹೋದರೆ ಒದರಿತು, ಬೆಕ್ಕು ಬಾನೆಟ್ ಮೇಲೆ ಮೈಚಾಚಿದರೆ ಒದರಿತು. ಜಯಕುಮಾರರು ಪ್ರತಿಸಲವೂ ರಿಮೋಟ್ ಹಿಡಿದು ಓಡಿಬಂದರು, ಒಮ್ಮೆ ಅರ್ಧ ಮುಖಕ್ಕೆ ಸೋಪಿನ ನೊರೆ, ಇನ್ನೊಮ್ಮೆ ಬರೀ ಟಾವೆಲ್ಲು. ಮಧ್ಯಾಹ್ನದ ನಿದ್ದೆ ಕಳೆದುಕೊಂಡ ಅನುಸೂಯಾಬಾಯಿ, ಈ ಓಣಿಗೆ ಈವರೆಗೆ ಕಳ್ಳ ಬಂದದ್ದಿಲ್ಲ, ಇನ್ನು ಬಂದರೂ ಈ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂದರು.

ಆ ಮಾತು ನಾಟಿತು. ಜಯಕುಮಾರರು ತಾವೇ ಸ್ಟೇರಿಂಗ್ ಕೆಳಗೆ ತೂರಿ ಸ್ಕ್ರೂ ಎಡಕ್ಕೆ ತಿರುವಿದರು. ಹೊರಗೆ ಬಂದೊಡನೆ ಹೊಸ ಚಿಂತೆ ಹಿಡಿಯಿತು: ಈಗ ಇದು ಕಳ್ಳ ಬಂದರೂ ಮಲಗಿಬಿಟ್ಟರೆ? ಪರೀಕ್ಷೆಗೆ ಒಬ್ಬ ಕಳ್ಳ ಬೇಕಾಗಿತ್ತು. ಅಂಗಡಿಯಲ್ಲಿ ಹಮಾಲಿ ಮಾಡುವ ಜಟ್ಟೆಪ್ಪನನ್ನು ಕರೆಸಿದರು.

ಜಟ್ಟೆಪ್ಪ ಕೈ ಹೊಸೆಯುತ್ತ ನಿಂತ. "ಸಾವ್ಕಾರ್ರ ಗಾಡಿಗಿ ಹ್ಯಾಂಗ ಹೊಡೀಲಿರಿ?" ಎಂದು, ಒಳಗೆ ಬರಲು ಅಪ್ಪಣೆ ಕೇಳುವವನ ಹಾಗೆ ಬೆರಳಿನಿಂದ ಬಾಗಿಲು ತಟ್ಟಿದ. ಸೈರನ್ ಸುಮ್ಮನಿತ್ತು.

"ಕಳ್ಳ ಹಿಂಗ ತಟ್ತಾನೇನೋ? ಜೋರ ಹೊಡಿ."

ಜಟ್ಟೆಪ್ಪ ಭುಜ ಕೊಟ್ಟು ಗುದ್ದಿದ. ಗಾಡಿ ತೊಟ್ಟಿಲಿನ ಹಾಗೆ ತೂಗಿತು, ಸದ್ದಿಲ್ಲ. ಓಣಿಯವರೆಲ್ಲ ಸೇರಿದರು, ಒಬ್ಬೊಬ್ಬರಾಗಿ ಗುದ್ದಿ ಒಂದೊಂದು ಕೈ ನೋಡಿದರು. ಅನುಸೂಯಾಬಾಯಿ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬಟ್ಟೆ ಬಡಿಯುವ ಕೊರಡು ತಂದು, ಹೋದ ನಿದ್ದೆಯನ್ನೆಲ್ಲ ನೆನೆಸಿಕೊಂಡು ಬೀಸಿದರು. ಬಾಗಿಲಿನ ತಗಡು ಒಳಗೆ ಹೋಯಿತು. ಆದರೂ ಸದ್ದಿಲ್ಲ. ರೇಗಿದ ಜಯಕುಮಾರರು ತಾವೇ ಒದ್ದು, ಕಾಲು ಹಿಡಿದುಕೊಂಡು ಕುಂಟಿದರು.

ಹೊಸ್ತಿಲಲ್ಲಿ ನಿಂತಿದ್ದ ಜಿನಮತಿಯವರು ಕೇಳಿದರು, "ಲಾಕ ಹಾಕೀರಿ ಇಲ್ಲೋ?"

ಹಾಕಿರಲಿಲ್ಲ. ಲಾಕ್ ಹಾಕದೆ ಸೈರನ್ ಒದರುವುದಿಲ್ಲ ಎಂದು ಭೂಷಣ ಹೇಳಿದ್ದು ಈಗ ನೆನಪಾಯಿತು. ಅವಮಾನದಲ್ಲಿ ಅವರು ರಿಮೋಟನ್ನು ಎಷ್ಟು ಬಿಗಿಯಾಗಿ ಅಮುಕಿದರೆಂದರೆ ಗುಂಡಿಗಳೆಲ್ಲ ಒಳಗೆ ಹೋಗಿ ಅಲ್ಲೇ ಕೂತವು. ಸೈರನ್ ಶುರುವಾಯಿತು, ನಿಲ್ಲಲೇ ಇಲ್ಲ.

ಭೂಷಣನೇ ಗತಿ ಎಂದು ಗಂಡಹೆಂಡಿರು ಗಾಡಿ ಹತ್ತಿದರು. ತಡೆಯುವ ವೈರು ಇಲ್ಲದ್ದರಿಂದ ಎಂಜಿನ್ ಚಾಲೂ ಆಯಿತು. ಜಿನಮತಿಯವರು ಕಿವಿಗೆ ಹತ್ತಿ ತುರುಕಿಕೊಂಡರು. ಜಯಕುಮಾರರದು ಒಂದು ಕೈ ಸ್ಟೇರಿಂಗ್ ಮೇಲೆ, ಒಂದು ಕೈ ಕಿವಿಯ ಮೇಲೆ. ಮುಖ ಕೆಂಪಗಾಗಿ ಬೆವರು ಇಳಿಯುತ್ತಿತ್ತು. ಮಿರಜ್ ರಸ್ತೆಯಲ್ಲಿ ಬಸ್ಸುಗಳೂ ಬದಿಗೆ ಸರಿದವು. ಚೌಕಿನಲ್ಲಿದ್ದ ಟ್ರಾಫಿಕ್ ಪೊಲೀಸ ಆ ಮುಖವನ್ನು ನೋಡಿದವನೇ ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿ, ತನ್ನ ಮೋಟರ್‌ಸೈಕಲ್ ಮುಂದೆ ಹಾಕಿದ. "ಸೈರನ್, ಸೈರನ್" ಎಂದು ಜಯಕುಮಾರರು ಕೂಗಿದರೆ, "ಹೋ, ಹೋ" ಎಂದು ಧೈರ್ಯ ಹೇಳುವಂತೆ ತಲೆಯಾಡಿಸಿದ. ಅವನು ಅವರನ್ನು ನೇರವಾಗಿ ಒಂದು ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿದ.

ಗಾಲಿಕುರ್ಚಿ ಸಿದ್ಧವಾಗಿತ್ತು. ತಮಗೇನೂ ಆಗಿಲ್ಲ ಎಂದು ಜಯಕುಮಾರರು ಕೂಗಿ ಹೇಳಿದರು. ಬಂದವರೆಲ್ಲ ಮೊದಲು ಹಾಗೇ ಅನ್ನುತ್ತಾರೆ ಎಂದು ನರ್ಸು ಕೂಗಿ ಉತ್ತರ ಕೊಟ್ಟಳು. ತಾನೇ ಕೂರಿಸಿದ ಸೈರನ್ನಿನ ದನಿ ಗುರುತಿಸಿ ಪಕ್ಕದ ಗಲ್ಲಿಯಿಂದ ಓಡಿಬಂದ ಭೂಷಣ ಬಾನೆಟ್ ಎತ್ತಿ ವೈರು ಕಿತ್ತ. ಆ ಕ್ಷಣದಲ್ಲಿ ಜಯಕುಮಾರರ "ನನಗ ಏನೂ ಆಗಿಲ್ಲ" ಇಡೀ ಆಸ್ಪತ್ರೆಗೆ ಕೇಳಿಸಿತು.

ಆದರೆ ಬಿ.ಪಿ. ನೋಡಿದರೆ ನಿಜವಾಗಿಯೂ ಏರಿತ್ತು. ಆಮೇಲೆ ಎರಡು ಸಲ ನೋಡಿದಾಗಲೂ ಇಳಿದಿರಲಿಲ್ಲ. ಡಾಕ್ಟರು ಗುಳಿಗೆ ಬರೆದು, ಉಪ್ಪು ಕಡಿಮೆ ಮಾಡಿ, ಉಪ್ಪಿನಕಾಯಿ ಪೂರಾ ಬಂದ್ ಮಾಡಿ ಎಂದರು. ಭೂಷಣ ಹೊಸ ರಿಮೋಟ್ ಕೊಟ್ಟು ಸ್ಕ್ರೂವನ್ನು ನಡುವೆ ತಂದಿಟ್ಟ. ಅಂದಿನಿಂದ ಓಣಿಯಲ್ಲಿ ಶೇಂಗಾ ನಿಶ್ಚಿಂತೆಯಿಂದ ಕುಟ್ಟಲಾಯಿತು.

ಮನೆಯ ಉಪ್ಪಿನಕಾಯಿ ಭರಣಿಗಳು ಮಾತ್ರ ಅಟ್ಟ ಸೇರಿದವು. ವಾರ ತಡೆದ ಜಯಕುಮಾರರು ಲಿಂಬೆ ಉಪ್ಪಿನಕಾಯಿಯ ಸಣ್ಣ ಶೀಶೆಯೊಂದನ್ನು ಗಾಡಿಯಲ್ಲಿ ಬಚ್ಚಿಟ್ಟು, ಟೈರಿನ ಗಾಳಿ ನೋಡುವ ನೆವದಲ್ಲಿ ದಿನಾ ಊಟದ ಮುಂಚೆ ಹೊರಗೆ ಹೋಗತೊಡಗಿದರು. ಆದರೆ ಲಾಕ್ ತೆಗೆದಾಗಲೆಲ್ಲ ಗಾಡಿ "ಕುಂಯ್ ಕುಂಯ್" ಎನ್ನುತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಜಿನಮತಿಯವರ ಮುಖ ಮೂಡುತ್ತಿತ್ತು.

ತಾಳಲಾರದೆ ಅವರು ಭೂಷಣನ ಹತ್ತಿರ ಹೋಗಿ, ಅದೊಂದು ಸಣ್ಣ ಸದ್ದನ್ನು ಬಂದ್ ಮಾಡಿಕೊಡು ಎಂದು ಕೇಳಿದರು. ಭೂಷಣ ತಲೆ ಕೆರೆದುಕೊಂಡ.

"ಬಂದ್ ಮಾಡಾಕ ಬರ್ತದ ಕಾಕಾ. ಆದ್ರ ನಿನ್ನಿ ನಿಮ್ಮ ಮನ್ಯಾಗಿನ ಕಾಕೂ ಫೋನ್ ಮಾಡಿದ್ರು. ಆ ಆವಾಜ ಇನ್ನೊಂದೀಟು ಜೋರ ಮಾಡು ಅಂದಾರ."